ಹದಿನಾಲ್ಕು ನಿಮಿಷದ ಟ್ರಾಮ್

ಟ್ರಾಮ್ ಪೇಟೆಯೊಳಗೆ ಯಾಕೆ ಇಷ್ಟು ನಿಧಾನ ಎಂದು ಯಾರಾದರೂ ಕೇಳಿದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ. ಉತ್ತರ ಗೊತ್ತಿದೆ. ಅದು ನನ್ನದಲ್ಲ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ದೋಹಾದಲ್ಲಿ ಆಗ ಟ್ರಾಮ್ ಓಡುತ್ತಿದ್ದದ್ದು ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ. ನಾನು ನಕ್ಷೆ ಬಿಡಿಸುವವನು. ತುದಿಯಿಂದ ತುದಿಗೆ ಎಂಟೇ ನಿಮಿಷದಲ್ಲಿ ಮುಟ್ಟಿಸಿ ಬೀಗುತ್ತಿದ್ದೆ.

ಆಫೀಸಿನ ಕಾರು ಓಡಿಸುತ್ತಿದ್ದವರು ಬಂಟ್ವಾಳದ ಕಡೆಯವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮ ಎನ್ನುತ್ತಿದ್ದರು. ಊರಿನಲ್ಲಿ ಹತ್ತು ವರ್ಷ ಸರ್ವೆ ಕೆಲಸ ಮಾಡಿದ್ದ ಮನುಷ್ಯ. ವೀಸಾದಲ್ಲಿ ಡ್ರೈವರ್ ಎಂದಿದ್ದ ಕಾರಣ ಇಲ್ಲಿ ಡ್ರೈವರ್. ನಮ್ಮ ಸರ್ವೆ ತಂಡದಲ್ಲಿ ಒಂದು ಜಾಗ ಖಾಲಿಯಾದಾಗ, "ಮ್ಯಾನೇಜರ ಕಿವಿಗೆ ನನ್ನ ವಿಷಯ ಒಮ್ಮೆ ಹಾಕು ತಮ್ಮ" ಎಂದರು. ಹಾಕುತ್ತೇನೆ ಎಂದೆ.

ಒಂದು ಶುಕ್ರವಾರ ಅಣ್ಣ ನನ್ನನ್ನು ನಮ್ಮ ಟ್ರಾಮ್ ಹಾದುಹೋಗಬೇಕಿದ್ದ ಬಿನ್ ಮಹಮೂದ್ ಬಡಾವಣೆಯ ಬೀದಿಗೆ ಕರೆದೊಯ್ದು ಕಾರು ನಿಲ್ಲಿಸಿದರು. ನಮಾಜು ಮುಗಿದಿತ್ತು. ರಜೆಯ ದಿನದ ಜನ ಕೈಚೀಲ ಹಿಡಿದು ಕಂಡಕಂಡಲ್ಲಿ ರಸ್ತೆ ದಾಟುತ್ತಿದ್ದರು. ನಕ್ಷೆಗಾಗಿ ನಾನು ಇಲ್ಲಿ ಜನರನ್ನು ಎಣಿಸಿದ್ದು ಒಂದು ಬುಧವಾರ ಮಧ್ಯಾಹ್ನ, ಕಾರಿನ ಎಸಿಯಲ್ಲಿ ಕೂತು. ಆ ಬಿಸಿಲಿಗೆ ಕಾಗೆಯೂ ಹೊರಗಿರಲಿಲ್ಲ.

"ಇವರ ನಡುವೆ ನಿನ್ನ ಟ್ರಾಮ್ ಹೋಗ್ಬೇಕಲ್ಲ? ಕಾರಾದ್ರೆ ಸ್ಟೇರಿಂಗ್ ತಿರುಗಿಸಿ ತಪ್ಪಿಸ್ಬಹುದು. ರೈಲನ್ನು ಎಲ್ಲಿಗೆ ತಿರುಗಿಸ್ತಿ? ಕಬ್ಬಿಣದ ಚಕ್ರ ಕಬ್ಬಿಣದ ಮೇಲೆ ಬೇಗ ನಿಲ್ಲುದಿಲ್ಲ. ಗಕ್ಕನೆ ಬ್ರೇಕ್ ಒತ್ತಿದ್ರೆ ಒಳಗೆ ನಿಂತವ್ರೆಲ್ಲ ಮಗುಚಿ ಬೀಳ್ತಾರೆ. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಸಲಿಕ್ಕೆ ಆಗ್ಬೇಕು, ಸ್ಪೀಡ್ ಅಷ್ಟೇ ಇರ್ಬೇಕು" ಎಂದರು.

ನಾನು ವಾರವಿಡೀ ಕೂತು, ಜನ ದಾಟುವಲ್ಲೆಲ್ಲ ವೇಗ ಇಳಿಸಿ ನಕ್ಷೆ ತಿದ್ದಿದೆ. ಎಂಟು ನಿಮಿಷ ಹದಿನಾಲ್ಕಾಯಿತು.

ಮೀಟಿಂಗಿನಲ್ಲಿ ಮ್ಯಾನೇಜರ್ ಹುಬ್ಬು ಗಂಟಿಕ್ಕಿ, ಇದಕ್ಕಿಂತ ಸೈಕಲ್ ವಾಸಿಯಲ್ಲವೇ ಎಂದು ಕೇಳಿದರು. ಶುಕ್ರವಾರದ ಜನ, ಕಬ್ಬಿಣದ ಚಕ್ರ, ಮಗುಚಿ ಬೀಳುವವರು, ಎಲ್ಲವನ್ನೂ ಅರ್ಚಕರು ಮಂತ್ರ ಒಪ್ಪಿಸಿದಂತೆ ಒಪ್ಪಿಸಿದೆ. ಅವರ ಹುಬ್ಬು ಸಡಿಲವಾಯಿತು. "ಇದನ್ನೆಲ್ಲ ಬೀದಿಗೆ ಹೋಗಿ ನೋಡಿದ್ದು ಯಾರು?"

ನಕ್ಷೆಯ ಸುರುಳಿಗಳನ್ನು ಹೊತ್ತು ತಂದಿದ್ದ ಅಣ್ಣ ಬಾಗಿಲ ಬಳಿ ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು. ಒಂದು ಹೆಸರು ಹೇಳಿದ್ದರೆ ಸಾಕಿತ್ತು.

"ನಾನೇ" ಎಂದೆ.

"ಹಾಗಾದರೆ ಸರ್ವೆಯ ಆ ಜಾಗವನ್ನೂ ನೀನೇ ನೋಡಿಕೋ. ಹೊಸಬರು ಬೇಡ" ಎಂದರು ಮ್ಯಾನೇಜರ್. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅಮ್ಮ ಹೇಳುತ್ತಿದ್ದಳು. ನಾನು ಕಳೆದುಕೊಂಡದ್ದು ಅಡಿಕೆಗೂ ಅಲ್ಲ, ಮ್ಯಾನೇಜರ ಒಂದು ಮೆಚ್ಚುಗೆಗೆ.

ಸಂಜೆ ಕಾರಿನ ಹತ್ತಿರ ಹೋದೆ. ಬೈಯಲಿ ಎಂದು ಆಸೆಪಟ್ಟೆ. ದಿನವೂ ನಾನು ಕೂರುತ್ತಿದ್ದದ್ದು ಮುಂದೆ, ಅವರ ಪಕ್ಕದಲ್ಲಿ. ಅವತ್ತು ಅವರು ಇಳಿದು ಬಂದು ಹಿಂದಿನ ಬಾಗಿಲು ತೆರೆದು ಹಿಡಿದರು.

"ಕೂತ್ಕೊಳ್ಳಿ ಸಾರ್" ಎಂದರು.

ನಾನು ಹತ್ತಿ ಹಿಂದೆ ಕುಳಿತೆ.