ಎರಡನೇ ಸಾಲಿಗೆ ಕಳಚಿಕೊಂಡ ಕೀಬೋರ್ಡು

ನನ್ನ ಕೈ ಭಾರ ಅಂತ ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ನಾನು ಕಾಲಿಂಗ್ ಬೆಲ್ ಒತ್ತಿದರೆ ಪಕ್ಕದ ಮನೆಯವರೂ ಬಾಗಿಲು ತೆಗೆಯುತ್ತಾರೆ ಎನ್ನುವುದು ಮಗಳ ತಮಾಷೆ. ಆದರೆ ತಪ್ಪು ನನ್ನದಲ್ಲ. ನನ್ನ ಬೆರಳು ಪಳಗಿದ್ದು ಟೈಪ್‌ರೈಟರ್ ಮೇಲೆ. ಅಲ್ಲಿ ಜೋರಾಗಿ ಕುಟ್ಟದಿದ್ದರೆ ಮೂರನೇ ಕಾರ್ಬನ್ ಪ್ರತಿಗೆ ಅಕ್ಷರವೇ ಇಳಿಯುತ್ತಿರಲಿಲ್ಲ.

ಲಗ್ಗೆರೆಯ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು ನಮ್ಮ ಕೈಗಳ ಮೇಲೆ ಟವೆಲ್ ಹೊದಿಸಿ ಕೂರಿಸುತ್ತಿದ್ದರು. ಕೀ ನೋಡಲು ಬಗ್ಗಿದರೆ ಸ್ಕೇಲಿನ ಏಟು. ಅಕ್ಷರ ಬಿತ್ತೋ ಇಲ್ಲವೋ ಎಂದು ಕಾಗದದ ಕಡೆ ಕಣ್ಣು ಹಾಯಿಸಿದರೂ ಏಟು. "ನೋಡ್ಬೇಡಮ್ಮ, ಕೇಳಿಸ್ಕೋ. ಟಕ್ ಅಂತು ಅಂದ್ರೆ ಬಿತ್ತು ಅಂತಾನೇ ಲೆಕ್ಕ" ಎನ್ನುತ್ತಿದ್ದರು. ಆ ಮಾತನ್ನು ನಾನು ಮೂವತ್ತು ವರ್ಷ ನಂಬಿಕೊಂಡು ಬಂದೆ.

ನನ್ನ ಕೆಲಸ ಪೀಣ್ಯದ ಕಾರ್ಖಾನೆಗಳಲ್ಲಿ ನಡೆಯುವ ವಿಚಾರಣೆಗಳಿಗೆ ಹೋಗಿ ಟೈಪ್ ಮಾಡುವುದು. ಕಾರ್ಮಿಕನ ಮೇಲೆ ಆರೋಪ ಬಂದರೆ ಅವನನ್ನು ಕೆಲಸದಿಂದ ತೆಗೆಯುವ ಮೊದಲು ಕಾರ್ಖಾನೆಯೊಳಗೇ ಒಂದು ವಿಚಾರಣೆ ನಡೆಸುತ್ತಾರೆ. ಹೊರಗಿನ ವಕೀಲರೊಬ್ಬರು ಅಧಿಕಾರಿಯಾಗಿ ಕೂರುತ್ತಾರೆ, ಮ್ಯಾನೇಜ್‌ಮೆಂಟ್ ಕಡೆಯವರು ತಮ್ಮದು ಹೇಳುತ್ತಾರೆ, ಆಮೇಲೆ ಕಾರ್ಮಿಕ ತನ್ನದು ಹೇಳುತ್ತಾನೆ. ಆಡಿದ್ದನ್ನೆಲ್ಲ ನಾನು ಟೈಪ್ ಮಾಡಿ ಪ್ರಿಂಟ್ ತೆಗೆಯಬೇಕು, ಓದಿ ಹೇಳಬೇಕು, ಪ್ರತಿ ಪುಟಕ್ಕೂ ಎಲ್ಲರೂ ಸಹಿ ಹಾಕಬೇಕು. ಆ ಕಾಗದದಲ್ಲಿ ಇಲ್ಲದ ಮಾತನ್ನು ಮುಂದೆ ಯಾರೂ ಕೇಳುವುದಿಲ್ಲ. ಮಾತಾಡುವವರ ಮುಖ ನೋಡುತ್ತಲೇ ಟೈಪ್ ಮಾಡುವುದು ನನ್ನ ಅಭ್ಯಾಸ, ಸ್ವಲ್ಪ ಜಂಬವೂ ಹೌದು. ಪರದೆ ನೋಡುವವರನ್ನು ಕಂಡರೆ ಕಲಿಕೆ ಸಾಲದು ಎಂದುಕೊಳ್ಳುತ್ತಿದ್ದೆ.

ಟೈಪ್‌ರೈಟರ್ ಹೋದ ಮೇಲೆ ಕಂಪ್ಯೂಟರ್ ಬಂತು, ಆಮೇಲೆ ನನ್ನದೇ ಒಂದು ಲ್ಯಾಪ್‌ಟಾಪ್. ಕೀಗಳು ಮೊದಮೊದಲು ಪೊಳ್ಳು ಅನ್ನಿಸಿದವು. ಆದರೂ ದೇಹಕ್ಕೆ ಅಂಟಿಕೊಂಡ ಕೈಯಂತೆ ಪರದೆಗೇ ಅಂಟಿಕೊಂಡು ಎಲ್ಲಿ ಹೋದರೂ ಜೊತೆಗಿರುತ್ತಿದ್ದವು, ಹೊಂದಿಕೊಂಡೆ. ಮಧ್ಯೆ ಕೆಲವು ವರ್ಷ ಸಣ್ಣ ಸಣ್ಣ ಬಟನ್ನುಗಳ ಫೋನೊಂದಿತ್ತು. ಪೂರ್ತಿ ಕೀಬೋರ್ಡನ್ನು ಬೆಂಕಿಪೊಟ್ಟಣಕ್ಕೆ ತುಂಬಿದ ಹಾಗಿತ್ತು ಅದು. ಹತ್ತು ಬೆರಳಿನ ವಿದ್ಯೆ ಅಲ್ಲಿ ಎರಡು ಹೆಬ್ಬೆರಳಿಗೆ ಇಳಿಯಿತಾದರೂ ಕತ್ತಲೆಯ ಬಸ್ಸಿನಲ್ಲೂ ತಡಕಿ ಮೆಸೇಜ್ ಕಳಿಸಬಹುದಿತ್ತು. ಈಗಿನ ಫೋನಿನಲ್ಲಿ ಬೆರಳಿಗೆ ಏನೂ ಸಿಕ್ಕುವುದಿಲ್ಲ. ಗಾಜು ಸವರುತ್ತಾ ಕೂರುವುದು ನನಗೆ ಇವತ್ತಿಗೂ ಕೆಲಸ ಅನ್ನಿಸುವುದಿಲ್ಲ.

ಲ್ಯಾಪ್‌ಟಾಪ್ ಹೊತ್ತು ಬಸ್ಸಿನಲ್ಲಿ ನಿಂತು ನಿಂತು ನನ್ನ ಬಲ ಭುಜ ಹಿಡಿದುಕೊಂಡಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಮಗಳು ಒಂದು ಭಾನುವಾರ ಟ್ಯಾಬ್ಲೆಟ್ ತಂದು ಮುಂದಿಟ್ಟಳು. ಅದರ ಕೀಬೋರ್ಡು ಬೇರೆ, ಪರದೆ ಬೇರೆ. ಹತ್ತಿರ ಹಿಡಿದರೆ ಅಯಸ್ಕಾಂತದಿಂದ ತಾನೇ ಕಚ್ಚಿಕೊಳ್ಳುತ್ತಿತ್ತು. "ನೋಡಮ್ಮ, ಒಂದ್ ನೋಟ್‌ಬುಕ್ ಅಷ್ಟೇ ಭಾರ. ಬೇಡ ಅಂದ್ರೆ ಕಿತ್ತಿಟ್ಬಿಡು" ಎಂದಳು. ಭುಜಕ್ಕೆ ನಿಜವಾಗಿಯೂ ಸುಖವಾಯಿತು. ಕೀಗಳು ಚಿಕ್ಕ ಶಬ್ದವನ್ನೂ ಮಾಡುತ್ತಿದ್ದವು, ಟಕ್ ಟಕ್. ಅಷ್ಟಕ್ಕೇ ನಾನು ಮರುಳಾದೆ.

ಅದನ್ನು ಹಿಡಿದು ಹೋದ ಎರಡನೇ ವಿಚಾರಣೆ ಒಂದು ಪ್ರೆಸ್ ಕಾರ್ಖಾನೆಯಲ್ಲಿ. ತಗಡು ಒತ್ತುವ ಯಂತ್ರಗಳ ಸಾಲು ಗೋಡೆಯಾಚೆಯೇ ಇತ್ತು, ಒಂದೊಂದು ಏಟಿಗೂ ನಮ್ಮ ಮೇಜಿನ ಮೇಲಿನ ಟೀ ಲೋಟ ನಡುಗುತ್ತಿತ್ತು. ಆರೋಪ ಹೊತ್ತವನು ಕೊಪ್ಪಳ ಕಡೆಯಿಂದ ಬಂದು ಲಗ್ಗೆರೆಯಲ್ಲಿ ರೂಮ್ ಮಾಡಿಕೊಂಡಿದ್ದ ಆಪರೇಟರ್, ನಲವತ್ತರ ಆಸುಪಾಸು. ಯಂತ್ರ ಓಡುತ್ತಿರುವಾಗಲೇ ಬಿಟ್ಟು ಹೋದ, ಅದರಿಂದ ತಗಡಿಗೆ ಆಕಾರ ಕೊಡುವ ಅಚ್ಚು, ಅಂದರೆ ಡೈ, ಒಡೆಯಿತು ಎಂದು ಅವನ ಮೇಲೆ ದೂರು. ಸಾಬೀತಾದರೆ ಕೆಲಸ ಹೋಗುತ್ತದೆ. ಹನ್ನೊಂದು ವರ್ಷದ ಕೆಲಸ.

ಅವನು ಮೊದಲು ತಡವರಿಸಿದ. ಆಮೇಲೆ ಒಮ್ಮೆ ಬಾಯಿ ಬಿಟ್ಟವನು ಅರ್ಧ ಗಂಟೆ ನಿಲ್ಲಿಸಲಿಲ್ಲ. ಯಂತ್ರದ ಬಟನ್ ಒತ್ತಿದರೆ ಮೇಲೇಳದೆ ಹಿಡಿದುಕೊಳ್ಳುತ್ತಿತ್ತು, ಸೂಪರ್‌ವೈಸರ್‌ಗೆ ಹೇಳಿದೆ, ಹಂಗೇ ನಡೆಸು ಅಂದರು, ಯಂತ್ರ ತಾನಾಗಿ ಎರಡನೇ ಏಟು ಹೊಡೆಯಿತು. "ನಾ ಓಡಿ ಹೋಗಿಲ್ರೀ ಸಾಹೇಬ್ರ. ಮೇನ್ ಸ್ವಿಚ್ ಬಂದ್ ಮಾಡಾಕ ಹೋಗಿದ್ದೆ" ಎಂದು ಎರಡು ಸಲ ಹೇಳಿದ. ಅವನ ಮುಖ ನೋಡುತ್ತಾ ನಾನು ಕುಟ್ಟುತ್ತಲೇ ಇದ್ದೆ. ಕಿವಿಗೆ ಟಕ್ ಟಕ್ ಸರಿಯಾಗಿ ಬೀಳುತ್ತಿತ್ತು.

"ಆಯ್ತಲ್ಲ ಮೇಡಂ, ಪ್ರಿಂಟ್ ತೆಗೀರಿ" ಎಂದರು ವಕೀಲರು. ಪರದೆ ನೋಡಿದೆ. ಅವನ ಹೇಳಿಕೆಯ ಮೊದಲ ಎರಡು ಸಾಲು ಮಾತ್ರ ಇತ್ತು. ಅದರ ಕೆಳಗೆ ಪರದೆಯದ್ದೇ ಇನ್ನೊಂದು ಕೀಬೋರ್ಡು ಮೂಡಿ, ಮುಟ್ಟುತ್ತೀಯಾ ಎಂದು ಕಾದು ಕೂತಿತ್ತು. ಪ್ರೆಸ್ಸಿನ ನಡುಕವೋ, ನನ್ನ ಭಾರದ ಕೈಯೋ, ಕಚ್ಚಿಕೊಂಡಿದ್ದ ಜಾಗದಲ್ಲಿ ಒಂದು ಕೂದಲೆಳೆಯಷ್ಟು ಸಂದು ಬಿಟ್ಟಿತ್ತು. ಕೀಬೋರ್ಡು ಕಳಚಿಕೊಂಡ ಮೇಲೂ ಟಕ್ ಅನ್ನುವುದನ್ನು ಬಿಟ್ಟಿರಲಿಲ್ಲ. ಅರ್ಧ ಗಂಟೆ ನಾನು ಮೇಜನ್ನು ತಟ್ಟುತ್ತಾ ಕೂತಿದ್ದೆ, ಅಷ್ಟೇ.

ಒಂದು ಕ್ಷಣ ಕೆಟ್ಟ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ. ನೆನಪಿದ್ದಷ್ಟು ಟೈಪ್ ಮಾಡಿ ಓದಿದರೆ ಯಾರಿಗೆ ಗೊತ್ತಾಗುತ್ತದೆ ಅನ್ನಿಸಿತು. ಆದರೆ ಆ ಮನುಷ್ಯ ಬೆವರು ಒರೆಸಿಕೊಳ್ಳುತ್ತಾ, ಎಲ್ಲ ಹೇಳಿ ಮುಗಿಸಿದ ಸಮಾಧಾನದಲ್ಲಿ ನೀರು ಕುಡಿಯುತ್ತಿದ್ದ. ಎದ್ದು ನಿಂತೆ. "ಸಾರ್, ಇವರು ಹೇಳಿದ್ದು ಎರಡು ಸಾಲು ಬಿಟ್ರೆ ಒಂದಕ್ಷರಾನೂ ಬಂದಿಲ್ಲ. ಕೀಬೋರ್ಡ್ ಬಿಟ್ಕೊಂಡಿದೆ, ನಾನು ನೋಡ್ಲಿಲ್ಲ" ಎಂದೆ.

ವಕೀಲರು ಗಡಿಯಾರ ನೋಡಿದರು. ಅವರಿಗೆ ಮಾರತ್ತಹಳ್ಳಿಯಲ್ಲಿ ಇನ್ನೊಂದು ವಿಚಾರಣೆ ಇತ್ತು, ಆ ಟ್ರಾಫಿಕ್ಕಿನ ಭಯ ಮುಖದಲ್ಲೇ ಕಾಣುತ್ತಿತ್ತು. "ಪರ್ವಾಗಿಲ್ಲ ಬಿಡಿ. ಆರೋಪ ಒಪ್ಪಿಲ್ಲ, ತಪ್ಪಿಲ್ಲ ಅಂತಾರೆ ಅಂತ ನಾಲ್ಕ್ ಸಾಲು ಹೇಳ್ತೀನಿ, ಹಾಕ್ಕೊಳಿ." ಆ ಮನುಷ್ಯನ ಕೈಯಲ್ಲಿ ನೀರಿನ ಲೋಟ ಹಾಗೇ ನಿಂತಿತು.

ನನಗೆ ನನ್ನ ಮೇಲೇ ಬಂದಿದ್ದ ಕೋಪ ಅಲ್ಲಿಗೆ ತಿರುಗಿತು. "ಸಾರ್, ತಪ್ಪು ಮಾಡಿದ್ದು ನಾನು. ಅದಕ್ಕೆ ಅವರ ಮಾತು ಯಾಕೆ ಕಮ್ಮಿಯಾಗ್ಬೇಕು? ಪೂರ್ತಿ ಬರ್ಲಿ, ಬೇಕಿದ್ರೆ ಇವತ್ತಿಂದು ನನಗೆ ಏನೂ ಕೊಡ್ಬೇಡಿ" ಎಂದುಬಿಟ್ಟೆ. ವಕೀಲರು ಒಳ್ಳೆಯವರೇ, ಅವಸರದವರು ಅಷ್ಟೇ. ನಿಟ್ಟುಸಿರು ಬಿಟ್ಟು ಮಾರತ್ತಹಳ್ಳಿಗೆ ಫೋನ್ ಮಾಡಿ ತಡವಾಗುತ್ತದೆ ಎಂದರು.

ಕಾರ್ಖಾನೆಯವರು ಮಾಲು ಕಳಿಸುವ ಡಿಸ್ಪ್ಯಾಚ್ ವಿಭಾಗದ ಕಂಪ್ಯೂಟರನ್ನು ಬಿಟ್ಟುಕೊಟ್ಟರು. ಅದಕ್ಕೊಂದು ದಪ್ಪನೆಯ ಹಳೆಯ ಕೀಬೋರ್ಡು, ವೈರಿನದು. ಎಣ್ಣೆ ಕೈಗಳಿಂದ ಅಕ್ಷರಗಳೆಲ್ಲ ಅಳಿಸಿ ಬೋಳಾಗಿತ್ತು. ನನಗೆ ಅಕ್ಷರ ಯಾತಕ್ಕೆ? ಮೊದಲ ಕೀ ಒತ್ತಿದಾಗ ಬೆರಳಿಗೆ ಅದು ಎದುರೊತ್ತಿದ ರೀತಿಗೆ ಅರ್ಧ ಜೀವ ಬಂತು. ಆದರೆ ಈ ಸಲ ಕಿವಿಯನ್ನು ನಂಬಲಿಲ್ಲ. ಆಪರೇಟರನ್ನು ಪಕ್ಕದ ಕುರ್ಚಿಗೆ ಕರೆದೆ. ನನ್ನ ಕಣ್ಣು ನಿಮ್ಮ ಮುಖದ ಮೇಲೇ ಹೋಗುತ್ತದೆ, ಪರದೆ ನೀವು ನೋಡುತ್ತಿರಿ, ಅಕ್ಷರ ನಿಂತರೆ ಹೇಳಿ ಎಂದೆ.

ಅವನು ಒಂದು ವಾಕ್ಯ ಹೇಳುತ್ತಿದ್ದ, ನಿಲ್ಲಿಸುತ್ತಿದ್ದ. ಪರದೆಯ ಮೇಲೆ ಕಣ್ಣಿಟ್ಟೇ "ಬಿತ್ತೇನ್ರೀ ಅಕ್ಕಾರ?" ಎಂದು ಕೇಳುತ್ತಿದ್ದ. "ನೀವೇ ನೋಡಿ" ಎನ್ನುತ್ತಿದ್ದೆ. "ಬಿತ್ರೀ" ಎನ್ನುತ್ತಿದ್ದ. ಅವಸರ ಹೋಗಿತ್ತು. ತನ್ನ ಮಾತು ತನ್ನೆದುರೇ ಸಾಲಾಗಿ ನಿಲ್ಲುವುದನ್ನು ನೋಡುತ್ತಾ ಅವನ ದನಿಯೂ ನೆಟ್ಟಗಾಯಿತು. ಸೂಪರ್‌ವೈಸರ್‌ಗೆ ಹೇಳಿದೆ ಎನ್ನುವ ಸಾಲು ಮುಗಿದಾಗ ಮಾತ್ರ ಪರದೆಯ ಹತ್ತಿರಕ್ಕೆ ಬಗ್ಗಿದ. ಓದಿದ, ಮತ್ತೆ ಓದಿದ. "ಇಲ್ಲೊಂದು ಬಿಟ್ಟೈತ್ರೀ. ಆಗ ಹೇಳಾಕ ನೆನಪಾಗ್ಲಿಲ್ಲ. ಬಟನ್ ಹಿಡೀತೈತಿ ಅಂತ ಮಷಿನ್ ಕಾರ್ಡ್‌ನ್ಯಾಗೂ ಬರದಿದ್ದೆ."

ಪ್ರತಿ ಯಂತ್ರಕ್ಕೂ ಒಂದು ಕಾರ್ಡ್ ನೇತುಹಾಕಿರುತ್ತಾರೆ. ಶಿಫ್ಟಿಗೆ ಬಂದವನು ಯಂತ್ರ ಹೇಗಿದೆ ಎಂದು ಅದರಲ್ಲಿ ಗುರುತು ಹಾಕಬೇಕು. ಯಾರೂ ಅದನ್ನು ತಿರುಗಿ ನೋಡುವುದಿಲ್ಲ, ಅವನೂ ಮರೆತಿದ್ದ. ವಕೀಲರು ಪೆನ್ನು ಕೆಳಗಿಟ್ಟು ಕಾರ್ಡ್ ತರಿಸಿದರು. ಡೈ ಒಡೆದದ್ದರ ಹಿಂದಿನ ದಿನದ ಚೌಕದಲ್ಲಿ ಅವನ ಕೊಕ್ಕೆ ಕೊಕ್ಕೆ ಅಕ್ಷರ ಇತ್ತು, ಪಕ್ಕದಲ್ಲಿ ಸೂಪರ್‌ವೈಸರರ ಸಹಿ. ಮ್ಯಾನೇಜ್‌ಮೆಂಟ್ ಕಡೆಯವರು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಇಟ್ಟರು.

ಆರೋಪ ಸಾಬೀತಾಗಲಿಲ್ಲ ಎಂದು ವಕೀಲರು ವರದಿ ಬರೆದರು. ಅದನ್ನೂ ನಾನೇ ಟೈಪ್ ಮಾಡಿದೆ. ಕೊನೆಯ ಸಾಲಿನಲ್ಲಿ ಪರದೆ ನೋಡಿ, ಪ್ರಿಂಟ್ ತೆಗೆದು, ಕಾಗದವನ್ನೂ ನೋಡಿದ ಮೇಲೆಯೇ ಎದೆ ಹಗುರಾಗಿದ್ದು.

ಟ್ಯಾಬ್ಲೆಟ್ ಈಗ ಮನೆಯಲ್ಲಿದೆ. ಕೀಬೋರ್ಡು ಕಿತ್ತಿಟ್ಟು ಮಗಳ ಜೊತೆ ವಿಡಿಯೋ ಕಾಲ್ ಮಾಡುತ್ತೇನೆ, ಅದಕ್ಕೆ ಸೊಗಸಾಗಿದೆ. ವಿಚಾರಣೆಗೆ ಹಳೆಯ ಲ್ಯಾಪ್‌ಟಾಪೇ, ಭುಜಕ್ಕೆ ನೋವಿನೆಣ್ಣೆ. ಮಗಳು ಬೈಯುತ್ತಾಳೆ, ಬೈಯಲಿ.

ಮೊನ್ನೆ ಲಗ್ಗೆರೆ ಬಸ್ ಸ್ಟಾಪಿನಲ್ಲಿ ಆ ಆಪರೇಟರ್ ಸಿಕ್ಕಿದ. ಕಾರ್ಖಾನೆಯ ನೀಲಿ ಅಂಗಿಯಲ್ಲಿದ್ದ, ಕೈಯಲ್ಲಿ ಊಟದ ಡಬ್ಬಿ. "ಅಕ್ಕಾರ, ಅವತ್ತು ನಿಮ್ಮ ಮಷಿನ್ ಕೈ ಕೊಟ್ಟಿದ್ದು ಚಲೋ ಆತ್ರೀ" ಎಂದು ನಕ್ಕ. ನಾನೂ ನಕ್ಕೆ. ಬಸ್ಸು ಹತ್ತಿ ಕೂತ ಮೇಲೆ ಲ್ಯಾಪ್‌ಟಾಪ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಅವತ್ತು ಬೆಳಿಗ್ಗೆ ಇನ್ನೊಂದು ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ ಮಹಿಳೆಯ ಹೇಳಿಕೆ ಇತ್ತು. ಹೋದವಳೇ ಮೊದಲು ಆಕೆಗೂ ಪರದೆ ಕಾಣುವಂತೆ ನನ್ನ ಪಕ್ಕಕ್ಕೆ ಒಂದು ಕುರ್ಚಿ ಎಳೆದು ಹಾಕಿದೆ.