ರೋಸಿಯ ಹದಿನೆಂಟನೆಯ ದಿನ

1972ರಲ್ಲಿ ನಾನು ದೇವನಹಳ್ಳಿ ತಾಲ್ಲೂಕಿನ ಒಂದು ಹೋಬಳಿಯ ಪಶು ಚಿಕಿತ್ಸಾಲಯದಲ್ಲಿ ವೈದ್ಯನಾಗಿದ್ದೆ. ಸೇವೆಗೆ ಸೇರಿ ಆಗ ನಾಲ್ಕು ವರ್ಷ. ಹೆಂಚಿನ ಎರಡು ಕೋಣೆ, ಹೊರಗೆ ದನಗಳನ್ನು ನಿಲ್ಲಿಸಿ ಕಟ್ಟಲು ಒಂದು ಮರದ ಚೌಕಟ್ಟು, ಒಬ್ಬ ಕಾಂಪೌಂಡರ್, ಓಡಾಡಲು ಒಂದು ಸೈಕಲ್. ಬೆಳಗಾದರೆ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹೊಟ್ಟೆಯುಬ್ಬರ. ನಾಯಿಗಳ ವಿಚಾರ ನಾನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಲ್ಲಿಗೆ ಮುಗಿದಿತ್ತು. ನಮ್ಮ ಚಿಕಿತ್ಸಾಲಯಕ್ಕೆ ನಾಯಿ ಬರುತ್ತಿರಲಿಲ್ಲ, ಹುಚ್ಚುನಾಯಿ ಕಚ್ಚಿದ ಹಸು ಬರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಬಿಳಿ ಸೀರೆಯುಟ್ಟ ಹೆಂಗಸೊಬ್ಬರು ಕಂಕುಳಲ್ಲಿ ಪುಟ್ಟ ಬಿಳಿ ನಾಯಿಯನ್ನು ಎತ್ತಿಕೊಂಡು ಬಂದರು. ನಾನು ಅವರನ್ನು ಬಲ್ಲೆ. ನಮ್ಮ ತಾಲ್ಲೂಕಿನದೇ ಆದ ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿದ್ದ ಸರ್ಕಾರಿ ಸೂಲಗಿತ್ತಿ ನರ್ಸ್ ಸರೋಜಮ್ಮ. ಸುತ್ತಲಿನ ಹತ್ತು ಹದಿನೈದು ಹಳ್ಳಿಗಳಲ್ಲಿ ಅವರ ಕೈಯಲ್ಲಿ ಹುಟ್ಟಿದ ಮಕ್ಕಳಿಲ್ಲದ ಬೀದಿ ಇರಲಿಲ್ಲ. ಗಂಡ ಗುಂತಕಲ್ಲಿನಲ್ಲಿ ರೈಲ್ವೆ ನೌಕರರು, ತಿಂಗಳಿಗೊಮ್ಮೆ ಬಂದುಹೋಗುತ್ತಿದ್ದರು. ಹೆಂಡತಿ ಒಬ್ಬಳೇ ಇರುತ್ತಾಳೆಂದು ಅಲ್ಲಿಂದ ಅವರೇ ತಂದುಕೊಟ್ಟ ನಾಯಿ ಅದು. ಹೆಸರು ರೋಸಿ. ಉದ್ದ ಕೂದಲಿನ, ಚೂಪು ಮೂತಿಯ, ನಾವು ಪಾಮ್ ಎಂದು ಕರೆಯುವ ಪಾಮರೇನಿಯನ್ ಜಾತಿ.

"ಸಾರ್, ಇವಳು ಬಸುರಿ. ಇಲ್ಲೇ ವಿಜಯಪುರದಲ್ಲಿ ಇದೇ ಜಾತಿ ಗಂಡುನಾಯಿ ಇತ್ತು, ಅಲ್ಲಿಗೆ ಕರ್ಕೊಂಡು ಹೋಗಿದ್ದೆ. ತಾರೀಕು ಬರೆದಿಟ್ಟಿದ್ದೀನಿ, ಇವತ್ತಿಗೆ ನಲವತ್ತು ದಿನ" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ನಂಗೆ ಭಯ ಆಗ್ತಿದೆ ಸಾರ್" ಎಂದರು.

ನನಗೆ ನಗು ಬಂತು. "ನೀವೇ ಹೀಗಂದ್ರೆ ಹೇಗೆ ಸಿಸ್ಟರ್? ದಿನಾ ಮಾಡೋ ಕೆಲಸ ಅಲ್ವಾ?"

"ಹೆಂಗಸರು ಎಲ್ಲಿ ನೋವು ಅಂತ ಬಾಯಿಬಿಟ್ಟು ಹೇಳ್ತಾರೆ. ಇದು ಸುಮ್ನೆ ನನ್ನ ಮುಖ ನೋಡತ್ತೆ."

ನಗು ನಿಂತಿತು. ಹೊಟ್ಟೆಯನ್ನು ಎರಡೂ ಕೈಗಳಿಂದ ಮೆಲ್ಲಗೆ ಒತ್ತಿ ನೋಡಿದೆ. ಮೂರೋ ನಾಲ್ಕೋ ಮರಿ ಇರಬಹುದು ಎನಿಸಿತು. ತೂಕ ಐದು ಕಿಲೋಗೂ ಕಡಿಮೆ. ಇಷ್ಟು ಚಿಕ್ಕ ನಾಯಿಗೆ ಸೊಂಟದ ಮೂಳೆಯ ದಾರಿ ಕಿರಿದು. ಮರಿಯ ತಲೆ ಸ್ವಲ್ಪ ದೊಡ್ಡದಾದರೂ ಸಿಕ್ಕಿಕೊಳ್ಳುತ್ತದೆ. ಆಪರೇಷನ್ ಮಾಡುವುದಾದರೆ ಬೆಂಗಳೂರಿಗೇ ಒಯ್ಯಬೇಕು. ಇದನ್ನೆಲ್ಲ ಹೇಳದೆ, "ಚೆನ್ನಾಗಿ ತಯಾರಿ ಮಾಡ್ಕೊಳ್ಳೋಣ" ಎಂದೆ.

ಆ ರಾತ್ರಿ ಕಾಲೇಜಿನ ಪುಸ್ತಕ ತೆಗೆದು ಓದಿ, ಎರಡು ಹಾಳೆಯಷ್ಟು ಸೂಚನೆ ಬರೆದೆ. ನಾಯಿ ಗಬ್ಬ ಧರಿಸಿದ ಮೇಲೆ ಸುಮಾರು ಅರವತ್ತಮೂರು ದಿನಕ್ಕೆ ಈಯುತ್ತದೆ. ಅದಕ್ಕೆ ವಾರ ಮೊದಲೇ ಗಾಳಿ ನುಗ್ಗದ ಮೂಲೆಯಲ್ಲಿ ಮರದ ಪೆಟ್ಟಿಗೆಯೊಂದನ್ನು ಇಟ್ಟು ಅದರಲ್ಲೇ ಮಲಗುವ ರೂಢಿ ಮಾಡಿಸಬೇಕು. ತಾಯಿ ಹೊರಳಿದಾಗ ಮರಿ ಅಡಿಗೆ ಸಿಕ್ಕಿ ಅಪ್ಪಚ್ಚಿಯಾಗದಂತೆ ಪೆಟ್ಟಿಗೆಯ ಒಳಗೋಡೆಗೆ ಸುತ್ತಲೂ ಮುಂಚಾಚಿದ ಒಂದು ಮರದ ಪಟ್ಟಿ ಹೊಡೆಯಬೇಕು. ಹಳೆಯ ಪತ್ರಿಕೆಗಳು, ಕುದಿಸಿದ ಕತ್ತರಿ, ದಾರ, ಟಿಂಚರ್ ಅಯೋಡಿನ್, ಬಿಸಿನೀರಿನ ಬಾಟಲಿ ಸಿದ್ಧವಿರಬೇಕು. ಕೊನೆಯ ವಾರ ದಿನಕ್ಕೆರಡು ಸಲ ಉಷ್ಣತೆ ನೋಡಬೇಕು. ನಾಯಿಯ ಮೈ ಸಹಜವಾಗಿ ನೂರೊಂದು ಡಿಗ್ರಿ ಇರುತ್ತದೆ. ಅದು ತೊಂಬತ್ತೊಂಬತ್ತಕ್ಕಿಂತ ಕೆಳಗಿಳಿದರೆ ಒಂದು ದಿನದೊಳಗೆ ಈಯುತ್ತದೆ ಎಂದು ಲೆಕ್ಕ. ಇಷ್ಟರ ಜೊತೆಗೆ, ಈಯುವವರೆಗೂ ದಿನಾ ಕ್ಯಾಲ್ಸಿಯಂ ಮಾತ್ರೆ ಪುಡಿಮಾಡಿ ಹಾಲಿನಲ್ಲಿ ಕೊಡಿ ಎಂದೂ ಬರೆದೆ. ಮರಿಗಳ ಮೂಳೆ ಬೆಳೆಯಬೇಕಲ್ಲ ಎಂಬುದು ನನ್ನ ತರ್ಕ.

ಸರೋಜಮ್ಮ ಇದ್ದುದು ಪಿಳ್ಳೇಗೌಡರೆಂಬ ರೈತರ ವಠಾರದ ಹೊರಕೋಣೆಯಲ್ಲಿ. ಗೌಡರಿಗೆ ಹಿಪ್ಪುನೇರಳೆ ತೋಟವಿತ್ತು, ಮನೆ ತುಂಬ ರೇಷ್ಮೆಹುಳು. ಪೆಟ್ಟಿಗೆ ಸರಿಯಾಗಿದೆಯೇ ಎಂದು ನೋಡಲು ನಾನು ಹೋದಾಗ ಅವರು ಜಗುಲಿಯ ಮೇಲೆ ಕೂತು ಸೊಪ್ಪು ಹೆಚ್ಚುತ್ತಿದ್ದರು.

"ಏನ್ ಡಾಕ್ಟ್ರೇ, ನಾಯಿಗೂ ಬಾಣಂತನ ಮಾಡೋ ಕಾಲ ಬಂತಾ? ನಮ್ಮೆಮ್ಮೆ ಕೊಟ್ಟಿಗೇಲಿ ತನ್ನ ಪಾಡಿಗೆ ತಾನು ಈಯ್ಕೊಂತದೆ. ಯಾವ ಪೆಟ್ಟಿಗೇನೂ ಕೇಳಲ್ಲ" ಎಂದರು.

ಒಳಗಿನಿಂದ ಅವರ ಹೆಂಡತಿ ಮುನಿಯಮ್ಮ, "ನಿಮಗ್ಯಾಕೆ ಅದು? ಆಯಮ್ಮ ಅದನ್ನ ಮಗೀನಂಗೆ ಸಾಕವ್ಳೆ" ಎಂದು ಗದರಿದರು. ಆ ಮನೆಯಲ್ಲಿ ಇನ್ನೊಂದು ಹೆರಿಗೆಯ ತಯಾರಿಯೂ ನಡೆದಿತ್ತು. ಗೌಡರ ಮಗಳು ಜಯಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಒಂದೇ ವಠಾರದಲ್ಲಿ ಇಬ್ಬರು ಬಸುರಿಯರು, ಇಬ್ಬರನ್ನೂ ನೋಡಿಕೊಳ್ಳಲು ಒಬ್ಬರೇ ಸರೋಜಮ್ಮ.

ಅರವತ್ತೆರಡನೆಯ ದಿನ ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಸರೋಜಮ್ಮನ ಚೀಟಿ ಬಂತು. ಉಷ್ಣತೆ ತೊಂಬತ್ತೆಂಟೂವರೆಗೆ ಇಳಿದಿದೆ, ಪತ್ರಿಕೆ ಪರಪರ ಹರಿಯುತ್ತಿದ್ದಾಳೆ. ಸೈಕಲ್ ಹತ್ತಿ ಹೋದೆ. ನಿಜ ಹೇಳಬೇಕೆಂದರೆ ನನಗಲ್ಲಿ ಹೆಚ್ಚು ಕೆಲಸವಿರಲಿಲ್ಲ. ನಡುಹಗಲಿನ ಹೊತ್ತಿಗೆ ಮೊದಲ ಮರಿ ಬಂತು, ಅರ್ಧ ಗಂಟೆಗೆ ಎರಡನೆಯದು. ಮೂರನೆಯದು ಹಿಂಗಾಲು ಮುಂದಾಗಿ ಬಂದು ಸೊಂಟದ ಹತ್ತಿರ ಸಿಕ್ಕಿಕೊಂಡಿತು. ನಾನು ಕೈ ತೊಳೆಯಲು ಎದ್ದೆ. ಅಷ್ಟರಲ್ಲಿ ಸರೋಜಮ್ಮ ಬಟ್ಟೆಯ ತುಂಡಿನಿಂದ ಮರಿಯನ್ನು ಹಿಡಿದು, ರೋಸಿ ತಿಣುಕಿದಾಗ ಮಾತ್ರ ಕೆಳಮುಖವಾಗಿ ಎಳೆಯುತ್ತ, ಅವಳು ಬಿಟ್ಟಾಗ ತಾವೂ ಬಿಡುತ್ತ, ನಾಲ್ಕೈದು ಸಲಕ್ಕೆ ಹೊರತೆಗೆದರು. ಉಸಿರಿರಲಿಲ್ಲ. ಬಾಯೊಳಗಿನ ಲೋಳೆ ಒರೆಸಿ, ಟವೆಲ್‌ನಲ್ಲಿ ತಿಕ್ಕಿ ತಿಕ್ಕಿ ಕೊನೆಗೆ ಅದು ಕುಂಯ್ ಎಂದಾಗ, ಅಷ್ಟು ಅನುಭವಸ್ಥೆ ಚಿಕ್ಕ ಹುಡುಗಿಯಂತೆ, "ಅಳ್ತು ಸಾರ್, ಅಳ್ತು!" ಎಂದು ಕೂಗಿದರು. ನಾಲ್ಕನೆಯದು ಸುಲಭವಾಗಿ ಬಂತು. ಮುನಿಯಮ್ಮ ನನಗೆ ಒಂದು ಲೋಟ ಮಜ್ಜಿಗೆ, ರೋಸಿಗೆ ಒಂದು ಬಟ್ಟಲು ಗಂಜಿ ತಂದಿಟ್ಟರು. ನನ್ನ ಕೆಲಸ ಮುಗಿಯಿತೆಂದುಕೊಂಡು, ಬಹಳ ಸಮಾಧಾನದಿಂದ ಸೈಕಲ್ ತುಳಿದುಕೊಂಡು ಬಂದೆ.

ಮರಿಗಳು ಹುಟ್ಟಿ ಹದಿನೆಂಟನೆಯ ದಿನ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಚಿಕಿತ್ಸಾಲಯದ ಮುಂದೆ ಬಸ್ಸು ನಿಂತಿತು. ಅಲ್ಲಿ ಸ್ಟಾಪ್ ಇರಲಿಲ್ಲ. ಪಿಳ್ಳೇಗೌಡರು ಸೊಪ್ಪಿನ ಬುಟ್ಟಿಯೊಂದನ್ನು ಎದೆಗವಚಿಕೊಂಡು ಇಳಿದು ಓಡಿಬಂದರು. ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹೊದಿಸಿದ ರೋಸಿ. ನಾಲ್ಕೂ ಕಾಲು ಕಟ್ಟಿಗೆಯಂತೆ ಸೆಟೆದಿದ್ದವು. ಮೈ ಅದುರುತ್ತಿತ್ತು, ನಾಲಿಗೆ ಹೊರಚಾಚಿತ್ತು, ಕಣ್ಣು ಎಲ್ಲೋ ನೆಟ್ಟಿತ್ತು.

"ವಿಷ ಹಾಕವ್ರಾ ಅಂತ ನಂಗೆ ಅನುಮಾನ ಡಾಕ್ಟ್ರೇ. ಆಯಮ್ಮ ಅಲ್ಲ ಅಂದ್ಳು. ಈ ಚೀಟಿ ಕೊಡು ಅಂದ್ಳು."

ಚೀಟಿಯಲ್ಲಿ ಸರೋಜಮ್ಮನ ಅವಸರದ ಅಕ್ಷರ. ಬೆಳಿಗ್ಗೆಯಿಂದ ಏದುಸಿರು, ನಡೆದರೆ ತೂರಾಡುತ್ತಾಳೆ, ಈಗ ಸೆಳೆತ, ಉಷ್ಣತೆ ನೂರಾ ಆರು ಡಿಗ್ರಿ. ಮರಿಗಳನ್ನು ಬೇರೆ ಮಾಡಿದ್ದೇನೆ. ಚೀಟಿಯ ಜೊತೆ ಮಕ್ಕಳಿಗೆ ಬಳಸುವ ಸಣ್ಣ ಸಿರಿಂಜು, ಎರಡು ತೆಳು ಸೂಜಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದರು. ಹಸುವಿನ ಸೂಜಿ ರೋಸಿಯ ನರಕ್ಕೆ ಹೋಗದೆಂದು ಅಷ್ಟು ಗಡಿಬಿಡಿಯಲ್ಲೂ ಅವರಿಗೆ ಹೊಳೆದಿತ್ತು. ನನ್ನ ಬಳಿ ಅಂಥ ಸೂಜಿ ಒಂದೂ ಇರಲಿಲ್ಲ.

ಓದಿದ ತಕ್ಷಣ ಗೊತ್ತಾಯಿತು, ಇದು ಎಕ್ಲಾಂಪ್ಸಿಯಾ. ಮರಿಗಳು ಬೆಳೆದಂತೆ ಹೆಚ್ಚು ಹಾಲು ಎಳೆಯುತ್ತವೆ. ಹಾಲಿನ ಜೊತೆ ತಾಯಿಯ ರಕ್ತದಲ್ಲಿನ ಕ್ಯಾಲ್ಸಿಯಂ ಬಸಿದುಹೋಗುತ್ತದೆ. ಹಸುವಿಗೆ ಹೀಗಾದರೆ ಹಾಲುಜ್ವರ ಎನ್ನುತ್ತೇವೆ, ಅದು ಸೋತು ಮಲಗುತ್ತದೆ. ನಾಯಿಗೆ ಸೆಳೆತ ಬರುತ್ತದೆ. ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಚಿಕ್ಕ ಜಾತಿಯ ನಾಯಿಗಳಲ್ಲಿ ಇದು ಹೆಚ್ಚೆಂದು ನಾನು ಓದಿದ್ದೆ. ಆದರೂ ನನ್ನ ಎರಡು ಹಾಳೆಯ ಸೂಚನೆ ಕೊನೆಯ ಮರಿ ಹುಟ್ಟುವಲ್ಲಿಗೇ ನಿಂತಿತ್ತು.

ಔಷಧವೇನೋ ಇತ್ತು. ಹಸುಗಳಿಗೆ ಕೊಡುವ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್, ಹೆಚ್ಚುಕಡಿಮೆ ಅರ್ಧ ಲೀಟರಿನ ಬಾಟಲಿ. ಒಂದು ಹಸುವಿಗೆ ಪೂರ್ತಿ ಬಾಟಲಿ ಬೇಕು. ರೋಸಿಗೆ ಬೇಕಾದದ್ದು ಕೆಲವೇ ಹನಿ ಎನ್ನುವಷ್ಟು. ವೇಗವಾಗಿ ಕೊಟ್ಟರೆ ಹೃದಯ ನಿಂತುಬಿಡುತ್ತದೆ. ಐದು ಮಿಲಿಲೀಟರ್ ತೆಗೆದು, ಅಷ್ಟೇ ಶುದ್ಧ ನೀರು ಬೆರೆಸಿದೆ. ಕಾಂಪೌಂಡರ್ ಅಂದು ರಜೆಯಲ್ಲಿದ್ದ. ಮುಂಗಾಲನ್ನು ಹಿಡಿದು ನರ ಉಬ್ಬಿಸಲು ಪಿಳ್ಳೇಗೌಡರಿಗೇ ಹೇಳಿದೆ. ನೇಗಿಲು ಹಿಡಿದ ಆ ಕೈಯಲ್ಲಿ ನಾಯಿಯ ಕಾಲು ಬೆಂಡಿನ ಕಡ್ಡಿಯಂತಿತ್ತು.

"ಜೋರಾಗಿ ಹಿಡೀಲಾ ಡಾಕ್ಟ್ರೇ? ಮುರ್ದುಬಿಟ್ರೆ?"

"ಹುಳು ಎತ್ತಿದ ಹಾಗೆ ಹಿಡ್ಕೊಳ್ಳಿ ಗೌಡ್ರೇ."

ಕಿವಿಗೆ ಸ್ಟೆತೊಸ್ಕೋಪ್ ಸಿಕ್ಕಿಸಿಕೊಂಡು, ಎದೆಬಡಿತ ಕೇಳುತ್ತ, ಒಂದೊಂದೇ ಗೆರೆಯಷ್ಟು ಔಷಧ ಬಿಟ್ಟೆ. ನಡುವೆ ಒಮ್ಮೆ ಬಡಿತ ತಪ್ಪಿತು. ನಿಲ್ಲಿಸಿದೆ. ಗೌಡರು ನನ್ನ ಮುಖ ನೋಡಿದರು. ಬಡಿತ ಮತ್ತೆ ಸಮವಾದ ಮೇಲೆ ಮುಂದುವರಿಸಿದೆ. ಸಿರಿಂಜು ಖಾಲಿಯಾಗಲು ಕಾಲು ಗಂಟೆ ಹಿಡಿಯಿತು. ಮೊದಲು ಕಿವಿಗಳ ಅದುರು ನಿಂತಿತು. ಆಮೇಲೆ ಹಿಂಗಾಲು ಮಡಿಚಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ರೋಸಿ ತಲೆ ಎತ್ತಿ ಗೌಡರ ಹೆಬ್ಬೆರಳನ್ನು ನೆಕ್ಕಿತು.

ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆಗ ಕೇಳಿದೆ, "ಸಿಸ್ಟರ್ ಯಾಕೆ ಬರಲಿಲ್ಲ?"

"ಜಯಾಗೆ ಬೆಳಗಿನಿಂದ ನೋವು. ಮಗೀಂದು ಕಾಲು ಮುಂದಾಗಿ ಅದಂತೆ. ಆಯಮ್ಮ ಅಲ್ಲಿಂದ ಏಳಂಗಿಲ್ಲ. ಇದು ಬಾಗಿಲಾಚೆ ಒದ್ದಾಡ್ತಿತ್ತು. ಆಯಮ್ಮ ಅದನ್ನ ನೋಡ್ತಾಳೆ, ನನ್ ಮಗಳನ್ನ ನೋಡ್ತಾಳೆ, ಕಣ್ಣಲ್ಲಿ ನೀರು ಸುರೀತದೆ, ಕೈ ಮಾತ್ರ ಬಿಡಲಿಲ್ಲ." ಗೌಡರು ಟವೆಲಿನಿಂದ ಮುಖ ಒರೆಸಿಕೊಂಡರು. "ಗಂಡಸು, ನಾನು ಅಲ್ಲಿ ಕೂತು ಏನ್ ಮಾಡ್ಲಿ? ಬುಟ್ಟಿ ತಗಂಡು ಬಸ್ ಹತ್ತಿದೆ. ಬಸ್ನಾಗೆ ಎಲ್ಲಾ ನಕ್ಕರು. ನಗಲಿ ಬಿಡಿ."

ಅವರಿಗೆ ತಮ್ಮ ಮನೆಯಲ್ಲಿ ಏನಾಗಿದೆಯೋ ಆವರೆಗೂ ಗೊತ್ತಿರಲಿಲ್ಲ. ಮಗಳ ಬಗ್ಗೆ ಒಂದು ಮಾತೂ ಆಡದೆ ಅಷ್ಟು ಹೊತ್ತು ನಾಯಿಯ ಕಾಲು ಹಿಡಿದು ನಿಂತಿದ್ದರು. ಬಾಗಿಲಿಗೆ ಬೀಗ ಹಾಕಿ ನಾನೂ ಅವರೊಡನೆ ಹೊರಟೆ. ಒಂದು ಲಾರಿ ಸಿಕ್ಕಿತು. ದಾರಿಯುದ್ದಕ್ಕೂ ಗೌಡರ ಎರಡೂ ಕೈ ಬುಟ್ಟಿಯ ಮೇಲಿದ್ದವು.

ವಠಾರದ ಬಾಗಿಲಿಗೆ ಬಂದಾಗ ಒಳಗೆ ಮಗು ಅಳುತ್ತಿತ್ತು. ಸರೋಜಮ್ಮ ಹೊಸ್ತಿಲ ಮೇಲೆ ಕೂತಿದ್ದರು, ತೋಳಿನವರೆಗೂ ಒದ್ದೆ. ನಮ್ಮನ್ನು ನೋಡಿ ಎದ್ದರು. "ಹೆಣ್ಣು ಮಗು ಗೌಡ್ರೇ. ತಾಯಿ, ಮಗು ಇಬ್ರೂ ಚೆನ್ನಾಗಿದ್ದಾರೆ" ಎಂದರು. ಆದರೆ ಬುಟ್ಟಿಯ ಕಡೆ ನೋಡುವ ಧೈರ್ಯ ಅವರಿಗೆ ಬರಲಿಲ್ಲ. ಗೌಡರು ಹೆಜ್ಜೆ ಮುಂದಿಟ್ಟು ಬುಟ್ಟಿಯನ್ನು ಅವರ ಕೈಗೇ ಕೊಟ್ಟು, "ಇದೂ ಚೆನ್ನಾಗದೆ ಕಣಮ್ಮಾ" ಎಂದರು. ಆಮೇಲೆ ಇಬ್ಬರೂ ಅತ್ತರು. ನಾನು ಬಾವಿಯ ಕಡೆ ಹೋಗಿ ಕೈ ತೊಳೆದೆ.

ಮರಿಗಳನ್ನು ಮತ್ತೆ ತಾಯಿಗೆ ಬಿಡುವಂತಿರಲಿಲ್ಲ. ಮುನಿಯಮ್ಮ ಒಂದು ಕಡೆ ಮಗಳ ಬಾಣಂತನ ಮಾಡುತ್ತಲೇ, ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ನಾಲ್ಕೂ ಮರಿಗಳಿಗೆ ಚೀಪಿಸಿದರು. ನಾಲ್ಕೂ ಉಳಿದವು. ಅವುಗಳಲ್ಲಿ ಒಂದನ್ನು ಗೌಡರು ಇಟ್ಟುಕೊಂಡರು.

ಏಳು ವರ್ಷಗಳ ಮೇಲೆ ಬೆಂಗಳೂರಿನಲ್ಲಿ ನಡೆದ ತರಬೇತಿಯೊಂದರಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ಹೇಳಿದ ಮಾತು ನನ್ನನ್ನು ಕುರ್ಚಿಯಲ್ಲಿ ನೇರವಾಗಿ ಕೂರಿಸಿತು. ಗಬ್ಬದ ಕಾಲದಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಹೆಚ್ಚಾಗಿ ಕೊಟ್ಟರೆ, ಮೂಳೆಯಿಂದ ಅದನ್ನು ತೆಗೆದುಕೊಳ್ಳುವ ದೇಹದ ಅಭ್ಯಾಸ ಜಡವಾಗುತ್ತದೆ. ಹಾಲು ಕೊಡುವಾಗ ಥಟ್ಟನೆ ಬೇಕಾದರೆ ಒದಗುವುದಿಲ್ಲ. ಕೊಡಬೇಕಾದದ್ದು ಈದ ಮೇಲೆ. ಅಂದರೆ ರೋಸಿಗೆ ಆ ಸೆಳೆತ ಬರಲು ನಾನು ಬರೆದ ಮಾತ್ರೆಯೂ ಒಂದು ಕಾರಣವಾಗಿದ್ದಿರಬಹುದು. ಅದನ್ನು ಉಳಿಸಿದವನೆಂದು ಏಳು ವರ್ಷ ಹೊಗಳಿಸಿಕೊಂಡಿದ್ದೆ.

ಸರೋಜಮ್ಮ ಆಗ ಹೊಸಕೋಟೆಯ ಕಡೆಗೆ ವರ್ಗವಾಗಿದ್ದರು. ವಿಳಾಸ ಹುಡುಕಿ, ಎರಡು ದಿನ ಹಿಂದೆಮುಂದೆ ನೋಡಿ, ಎಲ್ಲವನ್ನೂ ಬರೆದೆ. ವಾರದೊಳಗೆ ಅಂಚೆ ಕಾರ್ಡಿನಲ್ಲಿ ಉತ್ತರ ಬಂತು. "ರೋಸಿ ಈಗ ಮುದುಕಿ, ಹಗಲೆಲ್ಲಾ ಬಿಸಿಲಲ್ಲಿ ಮಲಗಿರುತ್ತಾಳೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಟ್ಟಿದ ಮಗುವಿಗೆ ಮೊದಲ ದಿನ ಎದೆಹಾಲು ಬೇಡ, ಸಕ್ಕರೆ ನೀರು ಕೊಡಿ ಎಂದು ನಾನೇ ಹೇಳುತ್ತಿದ್ದೆ. ನಮಗೆ ಹಾಗೇ ಕಲಿಸಿದ್ದರು. ತಪ್ಪೆಂದು ತಿಳಿದ ಮೇಲೆ, ಬಸುರಿಯರಿದ್ದ ಮನೆಗಳಿಗೆಲ್ಲ ಹೋಗಿ ನನ್ನ ಹಳೆಯ ಮಾತು ಕೇಳಬೇಡಿ ಎಂದು ಹೇಳಿಬಂದೆ. ನಾಚಿಕೆಯಾಯಿತು. ಆದರೆ ಆಮೇಲೆ ನಿದ್ದೆ ಬಂತು."

ಜನ ನಮ್ಮ ಮಾತನ್ನು ಯಾಕೆ, ಏನು ಎಂದು ಕೇಳದೆ ನಂಬುತ್ತಾರೆ. ಆದ್ದರಿಂದ ಆ ಮಾತು ತಪ್ಪೆಂದು ತಿಳಿದ ದಿನ ಅವರಾಗಿ ಬಂದು ಕೇಳುವುದಿಲ್ಲ, ನಾವೇ ಹೋಗಿ ಹೇಳಬೇಕು. ಕಾಲೇಜು ಕಲಿಸದ ಈ ಪಾಠವನ್ನು ನನಗೆ ಆ ಕಾರ್ಡು ಕಲಿಸಿತು. ಮರುದಿನ ರಿಜಿಸ್ಟರುಗಳನ್ನು ಮುಂದಿಟ್ಟುಕೊಂಡು, ರೋಸಿಯ ಸುದ್ದಿ ಕೇಳಿ ಆಮೇಲೆ ಗಬ್ಬದ ನಾಯಿ ತಂದವರಲ್ಲಿ ಅದೇ ಮಾತ್ರೆ ಬರೆದುಕೊಟ್ಟಿದ್ದ ಮನೆಗಳನ್ನು ಹುಡುಕಿದೆ. ಒಂಬತ್ತು ಸಿಕ್ಕವು. ಒಂಬತ್ತು ಕಾರ್ಡು ತರಿಸಿ, ಬರೆಯಲು ಕೂತೆ.