ಮಿಠಾಯಿ ಡಬ್ಬಿಯ ಮೆಂತ್ಯ

ನನ್ನ ಅತ್ತೆಗೂ ನನಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ಅದನ್ನು ಸಕ್ಕರೆ ಸವರಿ ಬರೆಯುವ ತಾಳ್ಮೆ ನನಗಿಲ್ಲ. ಆದರೆ ನಮ್ಮ ಜಗಳ ಬೆರಳುದ್ದದ ಮೆಂತ್ಯ ಸಸಿಯ ಮೇಲೆ ಬಂದು ನಿಲ್ಲುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ರಾಯಚೂರಿನಲ್ಲಿ ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ. ಬೆಳಿಗ್ಗೆ ತಂದಿಟ್ಟ ಕೊತ್ತಂಬರಿ, ನಾನು ಶಾಲೆಯಲ್ಲಿ ಪಾಠ ಮುಗಿಸಿ ಬರುವಷ್ಟರಲ್ಲಿ ಸತ್ತು ಮಲಗಿರುತ್ತಿತ್ತು. ಆ ಸಿಟ್ಟಿಗೇ ಮೊಬೈಲಿನಲ್ಲಿ ನೋಡಿ ಮೈಕ್ರೋಗ್ರೀನ್ಸ್, ಅಂದರೆ ಎಳೆಯದರಲ್ಲೇ ಕೊಯ್ದು ತಿನ್ನುವ ಸಸಿ, ಬೆಳೆಯಲು ಶುರು ಮಾಡಿದೆ. ಬೇಕರಿಯ ಪ್ಲಾಸ್ಟಿಕ್ ಮಿಠಾಯಿ ಡಬ್ಬಿಗಳ ತಳಕ್ಕೆ ತೂತು ಹೊಡೆದು, ತೆಂಗಿನ ನಾರಿನ ಪುಡಿ ಹರವಿ, ನೆನೆಸಿದ ಮೆಂತ್ಯವನ್ನು ಒತ್ತೊತ್ತಾಗಿ ಚೆಲ್ಲುತ್ತಿದ್ದೆ. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಉಜ್ಜಿ ಹೋಳು ಮಾಡಿ ನೆನೆಸಬೇಕು. ಅದು ಮಹಾ ಸೋಮಾರಿ, ಏಳುವುದು ನಿಧಾನ. ಸಾಸಿವೆಗೆ ನೆನೆಸುವ ಉಪಚಾರವೂ ಬೇಡ. ಮೊಳಕೆ ಒಡೆಯುವ ತನಕ ಮುಚ್ಚಿಟ್ಟು, ಆಮೇಲೆ ಅಡುಗೆಮನೆಯ ಕಿಟಕಿಗೆ. ನೀರನ್ನು ಮೇಲಿನಿಂದ ಸುರಿಯಬಾರದು. ನೀರಿರುವ ತಟ್ಟೆಯಲ್ಲಿ ಡಬ್ಬಿಯನ್ನು ಸ್ವಲ್ಪ ಹೊತ್ತು ಕೂರಿಸಿದರೆ ಬೇರು ತನಗೆ ಬೇಕಾದಷ್ಟು ಕುಡಿಯುತ್ತದೆ. ಎಲೆ ಬಿಚ್ಚಿದಾಗ ಕತ್ತರಿಯಿಂದ ಕತ್ತರಿಸಿ, ಈರುಳ್ಳಿ ಸೇರಿಸಿ ಪಚಡಿ ಮಾಡಿ ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದೆವು.

ದೇವದುರ್ಗದಿಂದ ಅತ್ತೆ ಬಂದ ದಿನ ನಾನು ಕತ್ತರಿ ಹಿಡಿದೇ ನಿಂತಿದ್ದೆ. ಅವರು ಚೀಲ ಕೆಳಗಿಡುವ ಮೊದಲೇ ಡಬ್ಬಿ ನೋಡಿದರು.

"ಏನಬೇ ಇದು? ಘಟದ ಸಸಿ ಇದ್ದಂಗ ಅದಾವ. ಎರಡೆಲಿ ಕೂಸಿನ ಕುತ್ತಿಗಿ ಕೊಯ್ಯಾಕತ್ತೀಯಲ್ಲ!"

ನವರಾತ್ರಿಯಲ್ಲಿ ಅವರ ಮನೆಯಲ್ಲಿ ಘಟ ಕೂರಿಸುತ್ತಾರೆ. ಕಲಶದ ಸುತ್ತ ಮಣ್ಣು ಹಾಕಿ, ಗೋಧಿ, ಜೋಳ, ಮೆಂತ್ಯ, ಸಾಸಿವೆ ಬಿತ್ತುತ್ತಾರೆ. ಆ ಸಸಿ ದೇವಿಯದು. ಕೊನೆಯ ದಿನ ಹೆಂಗಸರು ಮುಡಿಯುತ್ತಾರೆ, ಗಂಡಸರು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ, ಯಾರೂ ತಿನ್ನುವುದಿಲ್ಲ.

"ಹೊಲದಾಗಿನ ಹಕ್ಕರಕಿ ಸೊಪ್ಪು ನೀವು ಹಸೀದ ತಿಂತೀರಲ್ರಿ ಅತ್ತಿ?" ಎಂದೆ.

"ಅದು ಬೆಳದಿದ್ದು. ಇವಿನ್ನಾ ಕಣ್ಣು ಬಿಟ್ಟಿಲ್ಲ. ಇಂಥಾ ಕೈ ಇದ್ದರ ಮಡಿಲು ಎಲ್ಲಿಂದ ತುಂಬಬೇಕು?"

ನಮಗೆ ಮಕ್ಕಳಿಲ್ಲ. ಪಕ್ಕದಲ್ಲೇ ಇದ್ದ ನನ್ನ ಗಂಡ ಮೊಬೈಲಿನಲ್ಲಿ ಮುಖ ಹುದುಗಿಸಿದ. ಆವತ್ತು ಅತ್ತೆಯ ಮೇಲೆ ಬಂದ ಸಿಟ್ಟಿಗಿಂತ ಅವನ ಮೇಲೆ ಬಂದದ್ದೇ ಹೆಚ್ಚು. ವಾರ ಕಳೆಯುವುದರೊಳಗೆ ಮಾನವಿಯಲ್ಲಿರುವ ನನ್ನ ನೆಗೆಣ್ಣಿ, ಅಂದರೆ ಅತ್ತೆಯ ಹಿರಿಸೊಸೆ, ಫೋನ್ ಮಾಡಿ, "ಆ ಸಸಿ ಕೊಯ್ಯೋದು ಬಿಟ್ಟುಬಿಡು ತಂಗಿ, ಒಳ್ಳೇದಲ್ಲಂತ" ಎಂದಳು. ನನ್ನ ಕೈ ಕೆಟ್ಟ ಕೈ ಅನ್ನುವ ಮಾತು ನನಗಿಂತ ಮುಂಚೆ ಎಲ್ಲ ನೆಂಟರ ಮನೆ ಮುಟ್ಟಿತ್ತು. ನಾನು ಹಟಕ್ಕೆ ಬಿದ್ದು ಇನ್ನೂ ನಾಲ್ಕು ಡಬ್ಬಿ ಹೆಚ್ಚಿಗೆ ಹಾಕಿದೆ.

ನವರಾತ್ರಿ ಬಂತು. ಘಟ ಕೂರಿಸುವ ದಿನ ದೇವದುರ್ಗಕ್ಕೆ ಹೋದೆವು. ಬೀಜ ಹಾಕುವುದು ಹಿರಿಸೊಸೆಯ ಹಕ್ಕು, ನೆಗೆಣ್ಣಿ ಹಾಕಿದಳು. ಆಮೇಲೆ ಮನೆಯವರು, ಓಣಿಯವರು, ಬಂದ ಬಂದವರೆಲ್ಲ ಪುಣ್ಯ ಅಂತ ಒಂದೊಂದು ತಂಬಿಗೆ ನೀರು ಹಾಕಿದರು. ನಾನೂ ಹಾಕಬೇಕಾಯಿತು, ಹಾಕಿದೆ. ಮಣ್ಣು ಕೆಸರಾಗಿತ್ತು.

"ನೀರು ಜಾಸ್ತಿ ಆತ್ರಿ, ಬೀಜ ಕೊಳಿತಾವ," ಎಂದೆ.

"ದೇವಿ ಮುಂದ ಅಪಶಕುನ ಮಾತಾಡಬ್ಯಾಡ," ಎಂದರು ಅತ್ತೆ, ಎಲ್ಲರಿಗೂ ಕೇಳುವಂತೆ.

ರಜೆ ಸಿಗದೆ ನಾನು ರಾಯಚೂರಿಗೆ ಮರಳಿದೆ. ಹಬ್ಬ ಅರ್ಧ ಕಳೆದ ಮೇಲೆ ಅತ್ತೆಯ ಫೋನ್ ಬಂತು. ದಿನಾ ತಂಬಿಗೆಗಟ್ಟಲೆ ನೀರು ಕುಡಿದ ಘಟದಲ್ಲಿ ಒಂದು ಮೊಳಕೆಯೂ ಮೇಲೆ ಬಂದಿರಲಿಲ್ಲ. ಮಣ್ಣು ನಾರುತ್ತಿತ್ತಂತೆ. ಘಟದ ಸಸಿ ಏಳದಿದ್ದರೆ ಮನೆಗೆ ಕೇಡು ಅನ್ನುವುದು ಅವರ ನಂಬಿಕೆ.

"ನೀ ನೀರು ಹಾಕಿದ್ದಕ್ಕ ಹಿಂಗಾತು," ಎಂದು ಮೊದಲು ಉಗಿದರು. ಆಮೇಲೆ ದನಿ ತಗ್ಗಿಸಿ, "ನಿನ್ನ ಡಬ್ಬಿ ತಗೊಂಡು ಬಾ. ಮೆಂತ್ಯದ್ದು, ಸಾಸ್ವಿದು. ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದರು.

ಒಯ್ಯಬಾರದಿತ್ತು. ಆದರೂ ಒಯ್ದೆ. ನನ್ನ ಕೈಯ ಸಸಿ ಅವರ ದೇವಿಯ ಮುಂದೆ ನಿಲ್ಲುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿತ್ತು. ಬಸ್ಸಿನಲ್ಲಿ ಉದ್ದಕ್ಕೂ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅತ್ತೆ ಹಿತ್ತಲ ಬಾಗಿಲಲ್ಲೇ ಅವುಗಳನ್ನು ಇಸಿದುಕೊಂಡರು, ನೀರು ಬೇಕಾ ಅಂತಲೂ ಕೇಳಲಿಲ್ಲ. ದೇವರ ಕೋಣೆಯ ಬಾಗಿಲು ಹಾಕಿಕೊಂಡು, ಚಾಪೆಯಂತೆ ಹೆಣೆದುಕೊಂಡ ಬೇರಿನ ಸಮೇತ ಸಸಿಗಳನ್ನು ಎತ್ತಿ ಕಲಶದ ಸುತ್ತ ಕೂರಿಸಿದರು. ನನಗೆ ಒಳಗೆ ಬರಲು ಅಪ್ಪಣೆ ಇರಲಿಲ್ಲ, ಬಾಗಿಲ ಸಂದಿಯಿಂದ ನೋಡಿದೆ.

ಕೊನೆಯ ದಿನ ಗಂಡನ ಜೊತೆ ಮತ್ತೆ ಹೋದಾಗ ಮನೆ ತುಂಬ ಹೆಂಗಸರು. ಘಟದ ಸುತ್ತ ಹಸಿರೋ ಹಸಿರು.

"ಎಷ್ಟು ಚೆಂದ ಎದ್ದಾವ್ರೀ ಯವ್ವಾ!" ಎಂದಳು ಎದುರು ಮನೆಯಾಕೆ.

"ನಮ್ಮ ದೊಡ್ಡ ಸೊಸಿ ಕೈಗುಣ," ಎಂದರು ಅತ್ತೆ, ಕಣ್ಣು ಮಿಟುಕಿಸದೆ. ನೆಗೆಣ್ಣಿ ಪಾಪ, ನಿಜವೆಂದೇ ನಂಬಿ ನಾಚಿಕೊಂಡಳು.

ಅತ್ತೆ ಸಸಿ ಕಿತ್ತು ಒಬ್ಬೊಬ್ಬರ ಮುಡಿಗೆ ಇಡುತ್ತಾ ಬಂದರು. ನನ್ನ ಹತ್ತಿರ ಬಂದಾಗ ಕೈ ಹಿಂದಕ್ಕೆ ಹೋಯಿತು.

"ನಿನಗ್ಯಾಕ? ನಿನ್ನ ಮನ್ಯಾಗ ಬೇಕಾದಷ್ಟು ಅದಾವಲ್ಲ, ಕೊಯ್ದು ತಿನ್ನಾಕ."

ಇಬ್ಬರು ಹೆಂಗಸರು ನಕ್ಕರು.

"ಹೌದ್ರಿ ಅತ್ತಿ. ಇವೂ ಅಲ್ಲಿಂದನ ಬಂದಾವ. ನಿಮ್ಮ ಘಟ ಕೊಳೆತಿತ್ತು, ನೀವ ಫೋನ್ ಮಾಡಿ ತರಿಸಿಕೊಂಡ್ರಿ. ಇದು ನನ್ನ ಕೈಗುಣ."

ಎದುರು ಮನೆಯಾಕೆಯ ಕೈ ತನ್ನ ಮುಡಿಗೆ ಹೋಯಿತು. ಕಿತ್ತು ಬಿಸಾಡಬೇಕೋ ಇರಲಿ ಅನ್ನಬೇಕೋ ತಿಳಿಯದೆ ಅಲ್ಲೇ ನಿಂತಿತು. ಅತ್ತೆ ನನ್ನ ಗಂಡನತ್ತ ನೋಡಿದರು. ಅವನು ಎಂದಿನಂತೆ ಮೊಬೈಲ್ ನೋಡಿದ.

ನಾನು ಬಗ್ಗಿ ಕಲಶದ ಬುಡದಿಂದ ಒಂದು ಹಿಡಿ ಮೆಂತ್ಯ ಕಿತ್ತೆ. ಅರ್ಧ ಮುಡಿದುಕೊಂಡೆ. ಉಳಿದರ್ಧವನ್ನು ಎಲ್ಲರ ಎದುರು ಬಾಯಿಗೆ ಹಾಕಿಕೊಂಡು, ಅತ್ತೆಯ ಮುಖ ನೋಡುತ್ತಲೇ ಅಗಿದು ನುಂಗಿದೆ.